ಅರಸಿನದ ಕೈಯೂ ಬಾವನ ಹೆಬ್ಬಾವೂ

ಬೆಳಿಗ್ಗೆ ತಂದ ಬಂಗುಡೆ ಮೀನು ಇನ್ನೂ ಬೋಗುಣಿಯಲ್ಲೇ ಬಿದ್ದಿದೆ. ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ಮೂರು ನೀರಿನಲ್ಲಿ ತೊಳೆದಾಗಿದೆ. ಉಪ್ಪು, ಅರಸಿನ ಹಚ್ಚುವುದೊಂದೇ ಬಾಕಿ. ನೆರೆಮನೆಯ ಬೆಕ್ಕು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಒಮ್ಮೆ ಬೋಗುಣಿಯನ್ನೂ ಒಮ್ಮೆ ನನ್ನನ್ನೂ ನೋಡುತ್ತಿದೆ. ನೋಡಲಿ. ನಮ್ಮ ಮನೆಯಲ್ಲಿ ಹಾವಿಗೆ ಊಟ ಕೊಡುವ ದಿನ, ಆ ಕೆಲಸ ಮುಗಿಯುವವರೆಗೆ ಅರಸಿನದ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ. ಇದು ನಾನೇ ಮಾಡಿದ ಕಾನೂನು. ಪಾಲಿಸಿ ಪಾಲಿಸಿ ಬೇಸತ್ತವಳೂ ನಾನೇ.

ಹೌದು, ಹಾವು ಎಂದೇ ಬರೆದೆ. ನಿಮ್ಮ ಕನ್ನಡಕದ ತಪ್ಪಲ್ಲ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಬೇರೆಯವರು ಟಿ.ವಿ. ಇಡುವ ಜಾಗದಲ್ಲಿ, ಒಂದು ಗಾಜಿನ ಪೆಟ್ಟಿಗೆಯಿದೆ. ಅದರೊಳಗೆ ಕಂದು ಮೈಮೇಲೆ ಹಳದಿ ಮಚ್ಚೆಗಳಿರುವ, ನನ್ನ ಮುಂಗೈಯಷ್ಟು ದಪ್ಪದ ಒಂದು ಹೆಬ್ಬಾವು. ನಮ್ಮ ಗುಡ್ಡದ ಜಾತಿಯದ್ದಲ್ಲ. ಅದನ್ನು ಸಾಕಿದರೆ ಅರಣ್ಯ ಇಲಾಖೆಯವರು ಜೀಪು ತಂದು ಅಂಗಳದಲ್ಲಿ ನಿಲ್ಲಿಸಿಯಾರು. ಇದು ಆಫ್ರಿಕಾ ಮೂಲದ್ದು, ಬಾಲ್ ಪೈಥಾನ್ ಎಂದು ಹೆಸರು, ಕಾಗದಪತ್ರವೆಲ್ಲ ಸರಿಯಿದೆ. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸಿಕೊಳ್ಳುತ್ತದೆ. ಅಟ್ಟಿಸಿಕೊಂಡು ಬರುವುದಿಲ್ಲ, ಗಲಾಟೆ ಮಾಡುವುದಿಲ್ಲ, ನೆರೆಯವರಿಂದ ದೂರು ತರುವುದಿಲ್ಲ. ಅದರ ತಕರಾರು ಒಂದೇ. ತಿನ್ನುವುದಿಲ್ಲ.

ಮನಸ್ಸು ಬಂದರೆ ತಿಂದೀತು, ಇಲ್ಲವಾದರೆ ತಿಂಗಳುಗಟ್ಟಲೆ ಸುಮ್ಮನೆ ಮಲಗಿದ್ದೀತು. ಈ ಸಲ ಉಪವಾಸ ಕುಳಿತು ಇದು ಏಳನೇ ವಾರ. ಪ್ರತಿ ಭಾನುವಾರ ನಾನು ಫ್ರಿಜ್ಜಿನಿಂದ ಇಲಿ ತೆಗೆದು, ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕುಳದಲ್ಲಿ ಹಿಡಿದು ಅದರ ಮೂತಿಯ ಮುಂದೆ ಅಲ್ಲಾಡಿಸುವುದು. ಅದು ಮುಖ ತಿರುಗಿಸುವುದು. ನಾನು ಆ ಇಲಿಯನ್ನು ತೆಂಗಿನ ಬುಡದಲ್ಲಿ ಹೂಳುವುದು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, "ಇನ್ನಾದ್ರೂ ಆರಾಮ ಮಾಡಿ ಟೀಚರ್" ಎಂದಿದ್ದರಲ್ಲ ಶಾಲೆಯವರು, ಅವರನ್ನೊಮ್ಮೆ ಕರೆದು ನನ್ನ ಆರಾಮವನ್ನು ತೋರಿಸಬೇಕು ಎಂದು ಎಷ್ಟೋ ಸಲ ಅನಿಸಿದೆ.

ಸಾಕಾಗಿ ಹೋಗಿದೆ ನನಗೆ. ಅಜೆಕಾರಿನಲ್ಲಿ ಸಿರಿಲ್ ಎಂದೊಬ್ಬನಿದ್ದಾನೆ, ಮನೆಗೆ ಹೊಕ್ಕ ಹಾವುಗಳನ್ನು ಹಿಡಿದು ಕಾಡಿಗೆ ಬಿಡುವವನು. ಮೊನ್ನೆ ಅವನ ಫೋನು ಬಂದಿತ್ತು. "ಒಬ್ರು ಕೇಳ್ತಾ ಇದ್ದಾರೆ ಟೀಚರೇ, ಒಳ್ಳೆ ಜನ. ಕೊಡುವ ಮನಸ್ಸುಂಟಾದ್ರೆ ಹೇಳಿ. ಕಾಗದ ಅವರ ಹೆಸರಿಗೆ ಮಾಡಿಸುವ." ಇವತ್ತೂ ತಿನ್ನದಿದ್ದರೆ ಕೊಟ್ಟುಬಿಡುವುದೆಂದು ನಿನ್ನೆಯೇ ತೀರ್ಮಾನಿಸಿದ್ದೇನೆ. ಇಲಿ ಈಗ ಕವರಿನೊಳಗೆ ಬಿಸಿನೀರಿನಲ್ಲಿದೆ. ಅದು ಬೆಚ್ಚಗಾಗುವವರೆಗೆ ನಿಮ್ಮ ಜತೆ ಸ್ವಲ್ಪ ಕುಳಿತುಕೊಳ್ಳುತ್ತೇನೆ. ಕಾಲು ನೋಯುತ್ತಿದೆ.

ಹಾವು ನನ್ನದಲ್ಲ, ಬಾವನದು. ಬಾವ ಎಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದು ಊರಿಗೆ ಬಂದವರು. ಇಡೀ ದಿನ ಇಂಜಿನಿನ ಸದ್ದು, ಪಾತ್ರೆಯ ಸದ್ದು, ನೂರು ಜನರ ಗದ್ದಲ ಕೇಳಿ ಕೇಳಿ ಅವರಿಗೆ ಮಾತಿನ ಮೇಲೆಯೇ ಬೇಸರ ಬಂದಿತ್ತೇನೋ. ಊರಿಗೆ ಬಂದ ಮೇಲೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದ ಮಾತು ತುಂಬಿಸುವುದಕ್ಕೆ ಅಕ್ಕ ಇದ್ದಳು, ನಾನಿದ್ದೆ. ಮದುವೆಯಾಗದ ನಾನು ಆಗ ಎರ್ಮಾಳಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಾ ಅವರ ಮನೆಯಲ್ಲೇ ಇದ್ದೆ. ಒಂದು ಮಧ್ಯಾಹ್ನ ಬಾವ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದು ಚಾವಡಿಯಲ್ಲಿಟ್ಟರು. "ಸದ್ದು ಮಾಡದ ಒಂದು ಜೀವ ಇರಲಿ ಮನೆಯಲ್ಲಿ" ಎಂದರು. ಅದು ನಮ್ಮಿಬ್ಬರಿಗೆ ಕೊಟ್ಟ ಏಟು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಅಕ್ಕ ಪೆಟ್ಟಿಗೆಯೊಳಗೆ ಇಣುಕಿದವಳು ಮೊದಲು ಕೈ ಮುಗಿದಳು, ಆಮೇಲೆ ಅತ್ತಳು. ಪಂಚಮಿಗೆ ಬನದಲ್ಲಿ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆಯುವ ಮನೆ ನಮ್ಮದು.

"ನಾಗನ ಕುಲದವರನ್ನು ಪೆಟ್ಟಿಗೆಯಲ್ಲಿ ಇಡುವುದಾ? ಇನ್ನು ನಮ್ಮ ಮನೆಗೆ ಎಂತೆಂತ ಆಗ್ಲಿಕ್ಕುಂಟೋ!"

"ಇದು ಆಫ್ರಿಕಾದ್ದು ಮಾರಾಯ್ತಿ. ಇದಕ್ಕೆ ನಮ್ಮ ಬನವೂ ಗೊತ್ತಿಲ್ಲ, ಪಂಚಮಿಯೂ ಗೊತ್ತಿಲ್ಲ" ಎಂದರು ಬಾವ.

ಮನೆಯಲ್ಲಿ ನಾವಾಡುವುದು ತುಳು. ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ತುಳುವಿನಲ್ಲಿ ಅಕ್ಕನ ಅಳು ಇನ್ನೂ ಜೋರಾಗಿತ್ತು. ಕೊನೆಗೆ ಅವಳೊಂದು ದಾರಿ ಕಂಡುಕೊಂಡಳು. ಹಾವನ್ನು ಮುಟ್ಟಲಿಲ್ಲ, ಹೆಸರಿಡಲು ಬಿಡಲಿಲ್ಲ, ಬಹುವಚನದಲ್ಲಿ ಮಾತ್ರ ಕರೆದಳು. ಬೆಳಿಗ್ಗೆ ದೀಪ ಹಚ್ಚಿ ಬಂದು, "ಅವರು ಎದ್ದರಾ?" ಎನ್ನುವಳು. ಭಾನುವಾರ ಬಾವ ಬಾಗಿಲು ಹಾಕಿಕೊಂಡು ಊಟ ಕೊಟ್ಟು ಹೊರಗೆ ಬಂದಾಗ, "ಅವರು ಉಂಡರಾ?" ಎನ್ನುವಳು. "ತಿಂತು" ಎನ್ನುವರು ಬಾವ. ಮೂವತ್ತೈದು ವರ್ಷ ಹಾಜರಿ ಕರೆದ ನನಗೆ ಮನೆಯವರು ಯಾರೂ ಅಷ್ಟು ಗೌರವದಿಂದ ಊಟವಾಯಿತೇ ಎಂದು ಕೇಳಿದ ನೆನಪಿಲ್ಲ.

ಬಾಗಿಲು ಹಾಕಿಕೊಂಡು ಬಾವ ಏನು ಮಾಡುತ್ತಾರೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಇಲಿಗಳಿಗೆಂದೇ ಹಿಂದಿನ ಜಗಲಿಯಲ್ಲಿ ಒಂದು ಹಳೆಯ ಪುಟ್ಟ ಫ್ರಿಜ್ಜು ಇಟ್ಟಿದ್ದರು. ಅದರ ಬಾಗಿಲಿನ ಮೇಲೆ ಒಂದು ಚೀಟಿ: 'ಸಿರಿಲ್, ಅಜೆಕಾರು', ಕೆಳಗೆ ಫೋನ್ ನಂಬರು. ಇಷ್ಟೇ ನಮಗೆ ಗೊತ್ತಿದ್ದ ಹಾವಿನ ವಿದ್ಯೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಾವ ಹಲ್ಲುಜ್ಜಲು ಹೋದವರು ಬಾವಿಕಟ್ಟೆಯ ಬಳಿ ಕುಸಿದು ಕುಳಿತರು. ಮಣಿಪಾಲದ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಬಲಗೈ, ಬಲಗಾಲು ಹೋಗಿತ್ತು, ಮಾತು ಹೋಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಹತ್ತು ದಿನದ ಮೇಲೆ ವಾರ್ಡಿಗೆ ತಂದರು. ಆಮೇಲೆ ಶುರುವಾಯಿತು ನೋಡಿ. ಗಂಜಿಯ ಚಮಚ ಬಾಯಿಯ ಹತ್ತಿರ ಹೋದರೆ ಸಾಕು, ಎಡಗೈಯಿಂದ ದೂಡುವರು. ಒಂದು ದಿನಕ್ಕೆ ಎರಡು ಚಮಚ ಇಳಿದರೆ ಅಕ್ಕನಿಗೆ ಹಬ್ಬ. ಡಾಕ್ಟರಮ್ಮ ಪರೀಕ್ಷೆ ಮಾಡಿ, ನುಂಗಲು ತೊಂದರೆಯೇನೂ ಇಲ್ಲ, ಅವರಿಗೆ ಮನಸ್ಸಿಲ್ಲ ಎಂದರು. ದಿನಕ್ಕೆ ಮೂರು ಬಾಟಲಿ ಗ್ಲೂಕೋಸು ಏರಿಸಿ ಮನುಷ್ಯನನ್ನು ಎಷ್ಟು ದಿನ ಇಡಬಹುದು? ಕೆನ್ನೆಯ ಮೂಳೆ ಎದ್ದು ಬಂತು. ನೋಡಲಾಗುತ್ತಿರಲಿಲ್ಲ.

ಅಕ್ಕ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ನಾನು ಬೆಳಿಗ್ಗೆ ಶಾಲೆ, ಸಂಜೆ ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ, ಮತ್ತೆ ಮನೆ. ಮೊದಲ ಭಾನುವಾರ ವಾರ್ಡಿಗೆ ಹೋಗುವ ಮುಂಚೆ ಅಕ್ಕನ ಫೋನು ಬಂತು. "ಅವರಿಗೆ ಊಟ ಕೊಟ್ಟು ಬಾ. ಇವರು ಎಡಗೈಯನ್ನು ಚೆಂಡಿನ ಹಾಗೆ ಮುಷ್ಟಿ ಮಾಡುವುದು, ಆಮೇಲೆ ಬಾಯಿಗೆ ತೋರಿಸುವುದು, ಹಾಗೆ ಮಾಡ್ತಾ ಇದ್ದಾರೆ. ಅವರ ಬಗ್ಗೆಯೇ ಕೇಳುವುದು. ಮತ್ತೆ ನೋಡು, ಚೆಂದ ಮಾಡಿ ತೊಳೆದು ಕೊಡು. ಹಾಗೆಯೇ ಕೊಡಬೇಡ."

ಅಕ್ಕ ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಈ ಕರಾವಳಿಯ ಅಡುಗೆಮನೆಯಲ್ಲಿ ಬೆಳೆದ ಕೈಗೆ ಇನ್ನೊಂದು ಗೊತ್ತಿಲ್ಲ. ಮೀನಿರಲಿ, ಕೋಳಿಯಿರಲಿ, ಸಿಗಡಿಯಿರಲಿ, ಮನೆಯೊಳಗೆ ಬಂದ ಮೇಲೆ ಮೊದಲು ಅದರ ವಾಸನೆ ತೆಗೆಯಬೇಕು. ಉಪ್ಪು, ಅರಸಿನ ಹಾಕಿ ತಿಕ್ಕಿ, ಒಂದಿಷ್ಟು ಹೊತ್ತು ಇಟ್ಟು, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅಮ್ಮ ಕಲಿಸಿದ್ದು ಇದು. ಮೂಗು ಮುಚ್ಚಿಕೊಂಡು ಆ ಬಿಳಿ ಇಲಿಯನ್ನು ತೆಗೆದೆ, ಐಸು ಕರಗಿಸಿದೆ, ಅದಕ್ಕೂ ಉಪ್ಪು ಅರಸಿನ ಹಚ್ಚಿ, ಬಾಲದ ತುದಿಯವರೆಗೆ ತಿಕ್ಕಿ, ಮೂರು ನೀರಿನಲ್ಲಿ ತೊಳೆದೆ. ಅಷ್ಟು ಚೊಕ್ಕ ಇಲಿಯನ್ನು ಉಡುಪಿ ಜಿಲ್ಲೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಹಾವು ನಾಲಿಗೆ ಎರಡು ಸಲ ಹೊರಗೆ ಹಾಕಿ, ತಲೆಯನ್ನು ಮೈಯ ಸುರುಳಿಯೊಳಗೆ ಎಳೆದುಕೊಂಡಿತು.

ಆಸ್ಪತ್ರೆಗೆ ಹೋದೆ. ಬಾವ ಮುಷ್ಟಿ ಕಟ್ಟಿದರು, ಬಾಯಿಗೆ ತೋರಿಸಿದರು. ನಾನು ಅಕ್ಕನ ಮುಖ ನೋಡಿದೆ. ತಿನ್ನಲಿಲ್ಲವೆಂದು ಅವಳಿಗೆ ಹೊರಗೆಯೇ ಹೇಳಿದ್ದೆ, "ಉಂಡರು ಅಂತಲೇ ಹೇಳು, ಇವರು ಒಂದು ಚಮಚವಾದರೂ ಕುಡಿಯಲಿ" ಎಂದಿದ್ದಳು. "ತಿಂತು ಬಾವ" ಎಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತೀರಿ!

ಆಗ ಬಾವ ಒಂದು ಕೆಲಸ ಮಾಡಿದರು. ನನ್ನ ಬಲಗೈಯನ್ನು ಹಿಡಿದುಕೊಂಡರು. ಅಂಗೈಯನ್ನು ಮೇಲೆ ಮಾಡಿ, ಹೆಬ್ಬೆರಳಿನಿಂದ ನನ್ನ ಬೆರಳ ತುದಿಗಳನ್ನು ಒಂದೊಂದಾಗಿ ಉಜ್ಜಿದರು, ತಲೆ ಅಲ್ಲಾಡಿಸಿದರು, ಮತ್ತೆ ಉಜ್ಜಿದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನನ್ನ ಹತ್ತಿರ ಒಂದು ಬಿಡುಮಾತು ಆಡದ ಮನುಷ್ಯ. ನನ್ನ ಓಡಾಟ, ನನ್ನ ಕಷ್ಟ ನೋಡಿ, ಸಾಕಮ್ಮ, ದಣಿಯಬೇಡ ಅಂತ ಹೇಳುತ್ತಿದ್ದಾರೆ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕಾಪುವಿನವರೆಗೂ ಅತ್ತೆ. ಗಂಜಿ ಮಾತ್ರ ಅವರು ಕುಡಿಯಲಿಲ್ಲ.

ಹೀಗೆ ಐದು ಭಾನುವಾರ. ಪ್ರತಿ ಸಲವೂ ನಾನು ಇಲಿಯನ್ನು ಇನ್ನಷ್ಟು ಚೆನ್ನಾಗಿ ತೊಳೆದೆ. ತಿನ್ನದಿರುವುದಕ್ಕೆ ವಾಸನೆಯೇ ಕಾರಣವಿರಬೇಕು, ಫ್ರಿಜ್ಜಿನ ವಾಸನೆ, ಎಂದು ಮೂರನೆಯ ವಾರದಿಂದ ಅರಸಿನ ಎರಡು ಪಾಲು ಮಾಡಿದೆ, ನಾಲ್ಕನೆಯ ವಾರ ಪುನರ್ಪುಳಿಯ ಹುಳಿನೀರನ್ನೂ ಹಾಕಿದೆ. ಹಾವಿನ ಬೆನ್ನಿನ ಮೂಳೆ ಏಣಿನಂತೆ ಎದ್ದಿತು. ನಾನು "ತಿಂತು" ಎನ್ನುತ್ತಲೇ ಇದ್ದೆ. ಬಾವ ನನ್ನ ಬೆರಳು ಉಜ್ಜುತ್ತಲೇ ಇದ್ದರು, ಪ್ರತಿ ವಾರ ಇನ್ನಷ್ಟು ಜೋರಾಗಿ. ಆಮೇಲೆ ಕೈಬಿಟ್ಟು ಗೋಡೆಯ ಕಡೆ ತಿರುಗುವರು. ಮನೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಒಂದು, ಎರಡೂ ಉಣ್ಣದ ಜೀವಗಳು, ನಡುವೆ ಬಸ್ಸಿನಲ್ಲಿ ನೇತಾಡುವ ನಾನು. ಇದು ಮುಗಿದರೆ ಸಾಕು, ಹೇಗಾದರೂ ಮುಗಿಯಲಿ ಎಂದು ಆ ದಿನಗಳಲ್ಲಿ ಒಂದೆರಡು ಸಲ ಅನಿಸಿದ್ದುಂಟು. ಅದನ್ನು ಅಕ್ಕನಿಗೆ ಈವರೆಗೂ ಹೇಳಿಲ್ಲ.

ಐದನೆಯ ವಾರ ಕಳೆದು ಶನಿವಾರ ಡಾಕ್ಟರಮ್ಮ ಕರೆದು ಹೇಳಿದರು, ಇನ್ನು ಕಾಯಲು ಆಗುವುದಿಲ್ಲ, ಸೋಮವಾರ ಮೂಗಿನಿಂದ ನಳಿಗೆ ಹಾಕುತ್ತೇವೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. "ಅದನ್ನು ಹಾಕಿದರೆ ಇವರು ಎಳೆದು ಬಿಸಾಡ್ತಾರೆ. ಕೈ ಕಟ್ಟಿ ಹಾಕಬೇಕಾಗ್ತದೆ. ಕಟ್ಟಿ ಹಾಕಿದರೆ ಇವರು ಉಳಿಯುವುದಿಲ್ಲ, ನನಗೆ ಗೊತ್ತುಂಟು" ಎಂದಳು. ನನಗೂ ಗೊತ್ತಿತ್ತು. ಮನೆಗೆ ಬಂದವಳೇ ಆ ಚೀಟಿಯ ನಂಬರಿಗೆ ಫೋನು ಮಾಡಿದೆ. ಬಾವನಿಗೆ ಏನೂ ಮಾಡಲು ನನ್ನಿಂದಾಗದು, ಹಾವಿಗಾದರೂ ಆದೀತೇ ಎಂದು. ಐದು ವಾರ ಯಾಕೆ ಮಾಡಿರಲಿಲ್ಲ ಎಂದರೆ, ಸೊಕ್ಕು, ಮತ್ತೇನಿಲ್ಲ. ಟೀಚರು ಇನ್ನೊಬ್ಬರನ್ನು ಕೇಳಿ ತಿಳಿಯುವುದುಂಟೇ!

ಭಾನುವಾರ ಬೆಳಿಗ್ಗೆ ಸಿರಿಲ್ ಕಾರ್ಕಳದ ದಾರಿಯಾಗಿ ಸ್ಕೂಟರಿನಲ್ಲಿ ಬಂದ. ಹಾವನ್ನು ಎತ್ತಿ, ಹೊಟ್ಟೆ ಸವರಿ, ಬಾಯಿ ನೋಡಿ, "ಕಾಯಿಲೆ ಎಂತದ್ದೂ ಇಲ್ಲ. ನೀವು ಹೇಗೆ ಕೊಡುವುದು, ಒಮ್ಮೆ ಮಾಡಿ ತೋರಿಸಿ" ಎಂದ. ನಾನು ಹುರುಪಿನಿಂದ ಅಡುಗೆಮನೆಗೆ ಕರೆದುಕೊಂಡು ಹೋದೆ. ಬಟ್ಟಲಲ್ಲಿ ಇಲಿ ಅರಸಿನ ಹಚ್ಚಿಕೊಂಡು ಕುಳಿತಿತ್ತು. ಸಿರಿಲ್ ಅದನ್ನು ನೋಡಿದ, ನನ್ನನ್ನು ನೋಡಿದ.

"ಇದೆಂತ ಟೀಚರೇ, ಸುಕ್ಕ ಮಾಡ್ಲಿಕ್ಕುಂಟಾ? ಇನ್ನು ಸ್ವಲ್ಪ ತೆಂಗಿನಕಾಯಿ ಹುರಿದು ಹಾಕಿದ್ರೆ ನಾನೇ ಊಟಕ್ಕೆ ಕೂರ್ತೇನೆ."

"ಯಾಕೆ, ತೊಳೆಯುವುದು ಬೇಡವಾ?"

"ಅಯ್ಯೋ ಮಾರಾಯ್ರೆ! ಅದು ಇಲಿಯನ್ನು ಕಣ್ಣಲ್ಲಿ ನೋಡಿ ತಿನ್ನುವುದಾ? ವಾಸನೆಯಲ್ಲಿ ಅಲ್ವಾ ಅದಕ್ಕೆ ಗೊತ್ತಾಗುವುದು. ಆ ವಾಸನೆಯನ್ನೇ ನೀವು ತೆಗ್ದು ಬಿಸಾಡಿದ್ರೆ ಅದಕ್ಕೆ ಇದು ಇಲಿ ಅಂತ ಯಾರು ಹೇಳ್ಬೇಕು? ನಿಮ್ಮ ಕೈ ನೋಡಿ, ಮದುಮಗಳ ಕೈಯ ಹಾಗೆ ಉಂಟು."

ಕೈ ನೋಡಿಕೊಂಡೆ. ಐದು ವಾರದ ಹಳದಿ ಉಗುರಿನ ಸಂದಿಗಳಲ್ಲಿ, ಬೆರಳ ಗೆರೆಗಳಲ್ಲಿ ಕುಳಿತಿತ್ತು. ಬಾವ ಉಜ್ಜಿದ್ದು ಅಲ್ಲಿಯೇ, ಆ ಬೆರಳ ತುದಿಗಳನ್ನೇ. ಮೂವತ್ತು ವರ್ಷ ಮೀನು, ಮಾಂಸ ತೊಳೆದ ಅಡುಗೆಯವರಿಗೆ ಆ ಬಣ್ಣ ನೋಡಿದ ಕೂಡಲೇ ಗೊತ್ತಾಗಿದೆ, ಈ ಹೆಂಗಸು ಇಲಿಗೆ ಅರಸಿನ ಹಚ್ಚಿದ್ದಾಳೆ ಎಂದು. ಬೇಡ, ಹಚ್ಚಬೇಡ ಎಂದು ಹೇಳಲು ಬಾಯಿಲ್ಲದೆ, ಇದ್ದ ಒಂದು ಕೈಯಿಂದ ನನ್ನ ಅರಸಿನ ಒರೆಸಿದ್ದಾರೆ. ನಾನು ಅದನ್ನು ಆಶೀರ್ವಾದ ಎಂದು ತಿಳಿದು ಬಸ್ಸಿನಲ್ಲಿ ಅತ್ತಿದ್ದೆ. ಆ ಹಳದಿ ಕೈ ಹೊತ್ತುಕೊಂಡೇ ಪ್ರತಿ ಭಾನುವಾರ ಅವರೆದುರು ನಿಂತು "ತಿಂತು" ಎಂದಿದ್ದೆ. ಅದು ಸುಳ್ಳೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ನಾಚಿಕೆಯಿಂದ ಸಿರಿಲ್‌ನ ಎದುರು ತಲೆ ಎತ್ತಲಾಗಲಿಲ್ಲ.

ಸಿರಿಲ್ ಬೇರೆ ಇಲಿ ತೆಗೆದ. ನೀರಿಗೆ ನೇರ ಹಾಕದೆ, ಪ್ಲಾಸ್ಟಿಕ್ ಕವರಿನೊಳಗಿಟ್ಟು, ಕವರನ್ನು ಬಿಸಿನೀರಿನಲ್ಲಿ ಮುಳುಗಿಸಿದ. ಬೆಚ್ಚಗಾದ ಮೇಲೆ ನನ್ನ ಕೈಯಲ್ಲೇ ಕೊಟ್ಟು, "ಇಕ್ಕುಳದಲ್ಲಿ ನೀವೇ ಹಿಡೀರಿ. ಕುಣಿಸಬೇಡಿ, ಸ್ವಲ್ಪ ಅಲ್ಲಾಡಿಸಿ ಸಾಕು" ಎಂದ. ಇಲಿಯ ವಾಸನೆ ನನ್ನ ಬೆರಳಿಗೆ ಹತ್ತಿತು. ಹಾವಿನ ತಲೆ ನಿಧಾನವಾಗಿ ಸುರುಳಿಯಿಂದ ಹೊರಗೆ ಬಂತು. ನಾಲಿಗೆ ಒಂದು ಸಲ, ಎರಡು ಸಲ, ಮೂರು ಸಲ. ಮುಂದಿನದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಇಕ್ಕುಳ ಜಗ್ಗಿದ್ದು ಗೊತ್ತಾಯಿತು, ನೋಡಿದರೆ ಇಲಿಯನ್ನು ಸುತ್ತಿ ಆಗಿದೆ. ನಾನು ಚಾವಡಿಯ ನೆಲದ ಮೇಲೆ ಕುಳಿತುಬಿಟ್ಟೆ. ಅದು ನುಂಗಿ ಮುಗಿಸುವವರೆಗೆ ಅಲ್ಲಿಂದ ಏಳಲಿಲ್ಲ.

ಆಮೇಲೆ ನಾನು ಕೈ ತೊಳೆಯಲಿಲ್ಲ. ಮರೆತದ್ದಲ್ಲ. ತೊಳೆಯಬಾರದು ಎಂದೇ ಚಪ್ಪಲಿ ಮೆಟ್ಟಿ ಹೊರಟೆ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ ನಾನು ಇಲಿ ಹಿಡಿದ ಕೈಯಲ್ಲೇ ಎರಡು ಬಸ್ಸು ಹತ್ತಿದೆ. ನರ್ಸುಗಳಿಗೆ ಗೊತ್ತಾಗಿದ್ದರೆ ಬಾಗಿಲಿನಿಂದಲೇ ಓಡಿಸುತ್ತಿದ್ದರು. ಬಾವ ಗೋಡೆಯ ಕಡೆ ತಿರುಗಿ ಮಲಗಿದ್ದರು. ಈ ಸಲ ಮುಷ್ಟಿ ಕಟ್ಟಲಿಲ್ಲ, ಏನೂ ಕೇಳಲಿಲ್ಲ. ಕೇಳಿ ಪ್ರಯೋಜನವೇನು, ಉತ್ತರ ಗೊತ್ತಿದ್ದದ್ದೇ.

"ಬಾವ, ತಿಂತು" ಎಂದೆ. ಅವರು ಕಣ್ಣು ತೆರೆಯಲಿಲ್ಲ.

ನಾನು ಕೈಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಗು ಅರಳಿತು. ಕಣ್ಣು ತೆರೆದರು. ಎಡಗೈಯಿಂದ ನನ್ನ ಬೆರಳುಗಳನ್ನು ಹಿಡಿದು, ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಮ್ಮೆ ಮೂಸಿದರು. ಮತ್ತೆ ನನ್ನ ಮುಖ ನೋಡಿದರು. ಬಾಯಿಯ ಒಂದೇ ಬದಿ ನಗುತ್ತಿತ್ತು, ಇನ್ನೊಂದು ಬದಿಗೆ ಶಕ್ತಿಯಿರಲಿಲ್ಲ. "ಐದು ವಾರವೂ ಸುಳ್ಳು ಹೇಳಿದೆ ಬಾವ, ತಪ್ಪಾಯಿತು" ಎಂದು ನಾನು ಜೋರಾಗಿ ಅತ್ತೆ. ಪಕ್ಕದ ಹಾಸಿಗೆಯವರು ಏನೋ ಆಗಿಹೋಯಿತೆಂದು ಎದ್ದು ಕುಳಿತರು. ಬಾವ ನನ್ನ ಕೈ ಬಿಟ್ಟು, ಮೇಜಿನ ಮೇಲಿದ್ದ ಗಂಜಿಯ ಬಟ್ಟಲಿನ ಕಡೆ ಬೆರಳು ತೋರಿಸಿದರು.

ಅಕ್ಕ ಚಮಚದಲ್ಲಿ ಕೊಟ್ಟಳು. ಅವಳ ಅವಸರಕ್ಕೆ ಅರ್ಧ ಗಂಜಿ ಅವರ ಎದೆಯ ಮೇಲೆಯೇ ಬಿತ್ತು. ಉಳಿದರ್ಧ ಹೊಟ್ಟೆಗೆ ಹೋಯಿತು. ಸೋಮವಾರ ನಳಿಗೆ ಹಾಕಲಿಲ್ಲ. ಹೊಸ ಮಾತ್ರೆ ಹಿಡಿಯಿತು ಎಂದರು ಡಾಕ್ಟರಮ್ಮ. ಇರಬಹುದು. ನಾನು ವಾದಿಸಲಿಲ್ಲ.

ಬಾವ ಮನೆಗೆ ಬಂದು ಒಂದೂವರೆ ವರ್ಷ ಇದ್ದರು. ಮಾತು ಬರಲಿಲ್ಲ, ಅವರಿಗೆ ಅದು ದೊಡ್ಡ ಕೊರತೆಯೆಂದು ಅನಿಸಿದಂತೆಯೂ ಕಾಣಲಿಲ್ಲ. ಗಾಜಿನ ಪೆಟ್ಟಿಗೆಯ ಎದುರು ಕುರ್ಚಿ ಹಾಕಿ ಕೂರಿಸುತ್ತಿದ್ದೆವು. ಭಾನುವಾರ ನಾನು ಊಟ ಕೊಟ್ಟ ಮೇಲೆ ಕೈ ಚಾಚುವುದು, ಅವರು ಮೂಸಿ ನೋಡಿ ತಲೆಯಾಡಿಸುವುದು. ಆಮೇಲೆ ಒಂದು ಮಳೆಗಾಲದ ಮಧ್ಯಾಹ್ನ, ಊಟವಾಗಿ ಕುಳಿತಲ್ಲೇ ಹೋದರು. ಪೆಟ್ಟಿಗೆಯೊಳಗಿನದು ಮಾತ್ರ ಇನ್ನೂ ಇಪ್ಪತ್ತು ವರ್ಷ ಬದುಕುವ ಜಾತಿಯಂತೆ. ನನಗೆ ಅಷ್ಟು ವರ್ಷವಿಲ್ಲ, ಅಷ್ಟು ಶಕ್ತಿಯಂತೂ ಇಲ್ಲ.

ಇಲಿ ಬೆಚ್ಚಗಾಯಿತು. ತಡೆಯಿರಿ, ಕೊಟ್ಟು ಬರುತ್ತೇನೆ.

ಇಲ್ಲ, ತಿನ್ನಲಿಲ್ಲ. ನಾಲಿಗೆ ಒಂದು ಸಲ ಹೊರಗೆ ಬಂತು, ಅಷ್ಟೇ. ಇಲಿಯನ್ನು ಹೂತು, ಹಾರೆಯನ್ನು ಮೂಲೆಗಿಟ್ಟು, ಸಿರಿಲ್‌ಗೆ ಫೋನು ಮಾಡುವುದೆಂದೇ ಒಳಗೆ ಬಂದೆ. ಅಕ್ಕ ಚಾವಡಿಯಲ್ಲಿ ಬಾವನ ಕುರ್ಚಿಯಲ್ಲಿ ಕುಳಿತಿದ್ದಳು. ಈಗ ಅವಳಿಗೆ ಕಣ್ಣು ಮಂಜು. ಪೆಟ್ಟಿಗೆಯೊಳಗೆ ಏನಾಗುತ್ತಿದೆಯೆಂದು ಕಾಣುವುದಿಲ್ಲ.

"ಅವರು ಉಂಡರಾ?"

ಉಂಡರು ಎಂದುಬಿಡಬಹುದಿತ್ತು. ನಾಳೆ ಕೊಟ್ಟುಬಿಟ್ಟರೆ ಆಯಿತಲ್ಲ, ಅವಳಿಗೆ ಯಾಕೆ ಚಿಂತೆ.

"ಇಲ್ಲ ಅಕ್ಕ. ಇವತ್ತೂ ಇಲ್ಲ."

"ಕೈ ಕೊಡು" ಎಂದಳು.

ಕೊಟ್ಟೆ. ಒಂದು ಕಾಲದಲ್ಲಿ ಚೆಂದ ಮಾಡಿ ತೊಳೆದು ಕೊಡು ಎಂದಿದ್ದ ಅಕ್ಕ, ನನ್ನ ಬೆರಳುಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದಳು.

"ಅರಸಿನ ಇಲ್ಲ" ಎಂದಳು. "ಹಾಗಾದ್ರೆ ನಿನ್ನ ತಪ್ಪಲ್ಲ ಇದು. ಬರುವ ಭಾನುವಾರ ನೋಡುವ."

ಆಸ್ಪತ್ರೆಯ ದಿನಗಳಲ್ಲಿ, ಇದು ಹೇಗಾದರೂ ಮುಗಿಯಲಿ ಎಂದು ನನಗೆ ಅನಿಸಿದ್ದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಇರಬಹುದು. ಅಡುಗೆಮನೆಗೆ ಬಂದೆ. ಫೋನು ಕಿಟಕಿಯ ಮೇಲೆಯೇ ಇತ್ತು, ಅಲ್ಲಿಯೇ ಇರಲಿ ಎಂದುಕೊಂಡೆ. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದು, ಡಬ್ಬಿಯ ಮುಚ್ಚಳ ತೆಗೆದು, ಬಂಗುಡೆಗೆ ಅರಸಿನ ಹಚ್ಚಿದೆ.